ಹಿನ್ನೀರಿನಲ್ಲಿ ಕೇಳಿದ ಮೂರು ಬಡಿತ

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಾನೂ ನನ್ನ ಗಂಡನೂ ಹೊಸನಗರದ ಪ್ರವಾಸಿ ಮಂದಿರದ ಒಂದೇ ಕೋಣೆಯಲ್ಲಿದ್ದುಕೊಂಡು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದೆವು. ಕಾರಣ ಒಂದು ಡಬ್ಬಿ. ಬಂಗಾರದ ಡಬ್ಬಿಯೂ ಅಲ್ಲ, ಅಡುಗೆಮನೆಯ ಡಬ್ಬಿಯೂ ಅಲ್ಲ, ಅವರೇ ಕೂತು ಬೆಸೆದು ಮಾಡಿದ ತಗಡಿನ ಡಬ್ಬಿ. ಅದರ ಬಗ್ಗೆ ನಾನು ಎರಡು ಮಾತು ಅಂದೆ, ಅವರು ನಾಲ್ಕು ಮಾತು ಅಂದರು, ಅಲ್ಲಿಗೆ ಮುಗಿಯಿತು. ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗೂ ಕಾಫಿ ಕೊಟ್ಟೆ, ಅವರೊಬ್ಬರನ್ನು ಬಿಟ್ಟು. ಅವರು ತಾವೇ ಹೋಗಿ ಬಗ್ಗಿಸಿಕೊಂಡು ಕುಡಿದರು. ಲೋಟ ತೊಳೆದಿಟ್ಟರು ಕೂಡ, ನನಗೆ ಇನ್ನಷ್ಟು ಸಿಟ್ಟು ಬರಲಿ ಅಂತಲೇ.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ದೂರದ ಒಂದು ಕಡಲ ಊರಿನ ಪ್ರಯೋಗಾಲಯದಲ್ಲಿ. ಹಡಗುಗಳಿಗಾಗಿ ನೀರಿನೊಳಗಿನ ಸದ್ದನ್ನು ಹಿಡಿಯುವ ಸೆನ್ಸರ್ ಮಾಡುವುದು ನಮ್ಮ ಗುಂಪಿನ ಕೆಲಸ. ಹಳೆಯ ಸೆನ್ಸರುಗಳು ವಿದ್ಯುತ್ತಿನವು. ನಾವು ಬೆಳಕಿನದನ್ನು ಮಾಡಲು ಹೊರಟಿದ್ದೆವು. ಲೇಸರಿನ ಬೆಳಕನ್ನು ಎರಡು ಪಾಲು ಮಾಡಿ, ಕೂದಲೆಳೆಯಂಥ ಎರಡು ಗಾಜಿನ ಎಳೆಗಳೊಳಗೆ ಹರಿಸಬೇಕು. ಒಂದು ಎಳೆಯನ್ನು ಟೊಳ್ಳು ಪ್ಲಾಸ್ಟಿಕ್ ಉರುಳೆಯ ಮೇಲೆ ಸುತ್ತಿ, ಮೇಲೆ ರಬ್ಬರಿನಂಥ ಅಂಟು ಹೊಯ್ದು ನೀರಿಗೆ ಇಳಿಬಿಡುವುದು. ಸದ್ದು ಬಂದು ಉರುಳೆಯನ್ನು ಒತ್ತಿದರೆ ಎಳೆ ಒಂದಿಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಇನ್ನೊಂದು ಎಳೆ ಮೇಲೆ ನಮ್ಮ ಹತ್ತಿರ ಸುಮ್ಮನೆ ಇರುತ್ತದೆ. ಎರಡೂ ಬೆಳಕನ್ನು ಮತ್ತೆ ಕೂಡಿಸಿದಾಗ ಆ ಹಿಗ್ಗು ಕುಗ್ಗು ಬೆಳಕಿನ ನಡುಕವಾಗಿ ಕಾಣುತ್ತದೆ. ಆ ನಡುಕವನ್ನು ದೊಡ್ಡದು ಮಾಡಿ ಹೆಡ್‌ಫೋನಿಗೆ ಕೊಟ್ಟರೆ, ನೀರಿನೊಳಗಿನ ಸದ್ದು ಕಿವಿಯಲ್ಲಿ ಕೇಳುತ್ತದೆ.

ಹೇಳಲು ಇಷ್ಟೇ. ಮಾಡಲು ಹೋದರೆ ಜೀವ ಹೋಗಿ ಜೀವ ಬರುತ್ತದೆ. ಈ ಗಾಜಿನ ಎಳೆಗೆ ಸದ್ದು ತಿಳಿಯುವಷ್ಟೇ ಚೆನ್ನಾಗಿ ಬಿಸಿಯೂ ತಿಳಿಯುತ್ತದೆ. ಮೋಡ ಸರಿದು ಬಿಸಿಲು ಬಿದ್ದರೂ ಸಾಕು, ಎರಡು ಬೆಳಕಿನ ಹೊಂದಾಣಿಕೆ ಜಾರುತ್ತದೆ. ಹಾಗೆ ಜಾರುತ್ತ ಜಾರುತ್ತ ಒಂದು ಜಾಗಕ್ಕೆ ಬಂದಾಗ ಸೆನ್ಸರ್ ಕಿವುಡಾಗಿಬಿಡುತ್ತದೆ. ನೀರಿನಲ್ಲಿ ಸದ್ದು ಇರುತ್ತದೆ, ನಮಗೆ ಕೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮತ್ತೆ ಕೇಳತೊಡಗುತ್ತದೆ. ನಾವು ಅದಕ್ಕೆ 'ಮಂಕು ಹಿಡಿಯಿತು' ಅನ್ನುತ್ತಿದ್ದೆವು. ಮಂಕು ಹಿಡಿದಾಗ ಬರುವ ಮೌನಕ್ಕೂ ನೀರಿನ ನಿಜವಾದ ಮೌನಕ್ಕೂ ಹೆಡ್‌ಫೋನಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಇದು ಬಹಳ ಹೆದರಿಕೆಯ ವಿಷಯ ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ.

ಮಂಕಿಗೆ ನನ್ನ ಹತ್ತಿರ ಒಂದು ಮದ್ದಿತ್ತು. ಮೇಲೆ ಉಳಿಯುವ ಎಳೆಯ ಸುರುಳಿಯನ್ನು ನಾನು ಅಗಲ ಬಾಯಿಯ ಫ್ಲಾಸ್ಕಿನೊಳಗೆ ಇಟ್ಟಿದ್ದೆ. ರಿಪ್ಪನ್‌ಪೇಟೆಯ ಅಂಗಡಿಯಲ್ಲಿ ಕೊಂಡ ಫ್ಲಾಸ್ಕ್ ಅದು, ಮೇಲೆ ಕೆಂಪು ಹೂವಿನ ಚಿತ್ರ. ಸದ್ದು ಮಂಕಾಯಿತೆಂದರೆ ಮುಚ್ಚಳ ತೆಗೆದು ಎಳೆಯನ್ನು ಬೆರಳ ತುದಿಯಿಂದ ಹಗುರಾಗಿ ಮುಟ್ಟುತ್ತಿದ್ದೆ. ಮೈಯ ಬಿಸಿ ತಾಗಿ ಹೊಂದಾಣಿಕೆ ಸರಿಹೋಗಿ ಸದ್ದು ವಾಪಸು ಬರುತ್ತಿತ್ತು. ಬೆಲ್ಲದ ಪಾಕ ಎಳೆ ಬಂತೋ ಇಲ್ಲವೋ ಎಂದು ಬೆರಳಲ್ಲಿ ನೋಡುತ್ತೇವಲ್ಲ, ಹಾಗೆ ಅದು ಅಭ್ಯಾಸದಿಂದ ಬರುವಂಥದ್ದು. ಜಾಸ್ತಿ ಮುಟ್ಟಿದರೆ ಹದ ದಾಟಿ ಹೋಗಿ ಮತ್ತೆ ಮಂಕು.

ನನ್ನ ಗಂಡನಿಗೆ ಇದು ನಾಚಿಕೆಗೇಡಿನ ಕೆಲಸವಾಗಿ ಕಂಡಿತ್ತು. ಅವರ ಡಬ್ಬಿ ಇದನ್ನೇ ತಾನಾಗಿ ಮಾಡುತ್ತಿತ್ತು. ಮೇಲಿನ ಎಳೆಯನ್ನು ಬೇಕಾದಷ್ಟೇ ಎಳೆದು, ಬಿಟ್ಟು, ಹೊಂದಾಣಿಕೆ ಕಾಯುತ್ತಿತ್ತು. ಬಹಳ ಜಾಣ ಡಬ್ಬಿ, ಇಲ್ಲ ಅನ್ನುವುದಿಲ್ಲ. ಆದರೆ ಎಳೆದೂ ಎಳೆದೂ ತನ್ನ ಮಿತಿ ಮುಟ್ಟಿದಾಗ ಒಮ್ಮೆ ಪೂರ್ತಿ ಕೈಬಿಟ್ಟು ಮೊದಲಿನಿಂದ ಹಿಡಿಯುತ್ತಿತ್ತು. ಆಗ ಹೆಡ್‌ಫೋನಿನಲ್ಲಿ 'ಟಕ್' ಅನ್ನುತ್ತಿತ್ತು. ತಂಪು ಹೊತ್ತಿನಲ್ಲಿ ಅಪರೂಪಕ್ಕೊಮ್ಮೆ. ಬಿಸಿಲೇರಿದ ಹಾಗೆ ಮತ್ತೆ ಮತ್ತೆ.

"ಕೇಳ್ಬೇಕಾದ ಯಂತ್ರನೇ ಮಧ್ಯೆ ಬಾಯಿ ಹಾಕಿದ್ರೆ ಹೆಂಗೆ ರೀ?" ಎಂದೆ ನಾನು ಆ ಸಂಜೆ.

"ನಿನ್ನ ಬೆರಳನ್ನ ಹಡಗಿಗೆ ಕಟ್ಟಿ ಕಳ್ಸೋಕಾಗತ್ತಾ?" ಎಂದರು ಅವರು.

ಮಾತು ನಿಜವೇ. ಆದರೆ ಹೇಳಿದ ಧಾಟಿ ಇದೆಯಲ್ಲ, ಅದು ಮೈ ಉರಿಸುವಂಥದ್ದು. "ಸಾಗರದವರ ಹಠ ಗೊತ್ತಿಲ್ವಾ" ಎಂದೆ. "ತೀರ್ಥಹಳ್ಳಿಯವರ ಗತ್ತಿಗಿಂತ ವಾಸಿ" ಎಂದರು. ಅವರ ಊರು ಸಾಗರ, ನನ್ನದು ತೀರ್ಥಹಳ್ಳಿ; ಜಗಳ ಊರಿನವರೆಗೆ ಬಂತೆಂದರೆ ಇನ್ನು ರಾಜಿಯಿಲ್ಲ ಎಂದೇ ಲೆಕ್ಕ.

ನಾವು ಅಷ್ಟು ದೂರದಿಂದ ಇಲ್ಲಿಗೆ ಬಂದದ್ದೂ ಅವರ ಮಾತು ಕೇಳಿಯೇ. ನಮ್ಮ ಪ್ರಯೋಗಾಲಯದ ಎದುರಿನ ಕಡಲಿನಲ್ಲಿ ಸಿಗಡಿಗಳ ಕಾಟ. ಒಂದು ಜಾತಿಯ ಸಿಗಡಿ ಇಕ್ಕಳದಂಥ ಕಾಲು ಬಡಿದು ಸದ್ದು ಮಾಡುತ್ತದೆ. ಸಾವಿರಾರು ಸೇರಿದರೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ ಚಟಪಟ. ಆ ಗಲಾಟೆಯಲ್ಲಿ ಹೊಸ ಸೆನ್ಸರಿನ ಸೂಕ್ಷ್ಮ ನೋಡುವುದು ಹೇಗೆ? "ನಮ್ಮ ಶರಾವತಿ ಹಿನ್ನೀರಿಗೆ ಹೋಗೋಣ ಸಾರ್. ಸಿಗಡಿನೂ ಇಲ್ಲ, ಹಡಗೂ ಇಲ್ಲ" ಎಂದು ಅವರು ನಮ್ಮ ಗುಂಪಿನ ಮುಖ್ಯಸ್ಥರಿಗೆ ಹೇಳಿದರು. ಮುಖ್ಯಸ್ಥರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ಸ್ವಲ್ಪ ಪುಕ್ಕಲು. ಒಪ್ಪಿದರು. ನಿಟ್ಟೂರಿನ ದಾರಿಯ ಕಡೆಗೆ ಹಿನ್ನೀರಿನ ಒಂದು ತೋಳಿನಲ್ಲಿ ಡ್ರಮ್ಮುಗಳ ಮೇಲೆ ಹಲಗೆ ಹೊಡೆದು ದೊಡ್ಡ ತೆಪ್ಪ ಕಟ್ಟಿಸಿದೆವು. ಅದರ ಮೇಲೆ ತಗಡಿನ ನೆರಳು, ಲೇಸರಿಗೆ ಕಪ್ಪು ಬಟ್ಟೆಯ ಗೂಡು, ಸಾಲಾಗಿ ಲಾರಿಯ ಬ್ಯಾಟರಿಗಳು.

ತಂದದ್ದು ಮೂರು ಸೆನ್ಸರ್. ಎರಡಕ್ಕೆ ಬಂದ ವಾರವೇ ನೀರು ಹೊಕ್ಕಿತು. ಅಂಟು ಹೊಯ್ಯುವಾಗ ಗಾಳಿಗುಳ್ಳೆ ಉಳಿದು, ಅಲ್ಲಿಂದ ಬಿರುಕು. ಉಳಿದದ್ದು ಒಂದೇ. ಜಗಳದ ಸಂಜೆಯಿಂದ ಎರಡು ದಿನಕ್ಕೆ ಅದನ್ನು ನೋಡಲು ಮೇಲಿನ ಅಧಿಕಾರಿಗಳು ಬರುವವರಿದ್ದರು. ಅವರು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಎಲ್ಲ ಕಟ್ಟಿಡುವುದು.

ನಾನು ಅವರಿಗೆ ಕಾಫಿ ಕೊಡದ ಆ ಬೆಳಿಗ್ಗೆ ತೆಪ್ಪಕ್ಕೆ ಹೋಗಿ ನೋಡುತ್ತೇವೆ, ಗಾಳಿಗೆ ಲಂಗರು ಎಳೆದುಕೊಂಡು ತೆಪ್ಪ ದಡದ ಕಡೆಗೆ ಸರಿದುಬಿಟ್ಟಿದೆ. ಅಣೆಕಟ್ಟಿನ ನೀರು ಏರಿದಾಗ ಆ ಕಡೆಯ ಕಾಡನ್ನು ಪೂರ್ತಿ ಕಡಿದಿರಲಿಲ್ಲ. ಮತ್ತಿ, ಹೊನ್ನೆ ಮರಗಳು ಎಲೆ ಕಳಚಿ, ತೊಗಟೆ ಕಳಚಿ, ನೀರೊಳಗೆ ಹಾಗೇ ನಿಂತಿದ್ದವು. ಬೇಸಿಗೆಯಲ್ಲಿ ಒಂದೆರಡರ ತುದಿ ಮೇಲೆ ಕಾಣುತ್ತಿತ್ತು, ಉಳಿದವು ಅಡಿಯಲ್ಲೇ. ನಮ್ಮ ಸೆನ್ಸರ್ ಆ ಕೊಂಬೆಗಳ ನಡುವೆ ಸಿಕ್ಕಿಕೊಂಡಿತ್ತು. ಕೆಲಸ ಮಾಡುತ್ತಿತ್ತು, ಸದ್ದು ಚೆನ್ನಾಗಿಯೇ ಕೇಳುತ್ತಿತ್ತು, ಆದರೆ ಮೇಲೆ ಬರುತ್ತಿರಲಿಲ್ಲ. ಜೋರಾಗಿ ಎಳೆದರೆ ಕೇಬಲ್ಲಿನೊಳಗಿನ ಗಾಜು ಮುರಿಯುತ್ತದೆ.

ನಮ್ಮ ಜೊತೆ ಬಂದಿದ್ದ ಮುಳುಗುಗಾರನಿಗೆ ಕಿವಿ ಬಾತು, ಅವನು ಸಾಗರದಲ್ಲಿ ವೈದ್ಯರ ಹತ್ತಿರ ಹೋಗಿದ್ದ. ಮುಳುಗುವುದನ್ನು ಕಲಿತಿದ್ದವರು ಇನ್ನೊಬ್ಬರೇ, ನನ್ನ ಗಂಡ. ಪ್ರಯೋಗಾಲಯದಲ್ಲಿಯೇ ತರಬೇತಿ ಆಗಿತ್ತು. ಒಬ್ಬರೇ ಇಳಿಯಬಾರದು ಎಂಬುದು ಆ ತರಬೇತಿಯ ಮೊದಲ ಪಾಠ. ಮುಖ್ಯಸ್ಥರು ಬೇಡ ಎನ್ನಬೇಕಿತ್ತು. ಅವರು ತಲೆ ಕೆರೆದುಕೊಂಡು, "ನಾಳೆ ಅವ್ರು ಬಂದೇ ಬರ್ತಾರಲ್ಲಪ್ಪಾ" ಎಂದರು. ಅಂದರೆ ಇಳಿ ಎಂದೇ ಅರ್ಥ.

ಬೇಡ ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಆದರೆ ಹಿಂದಿನ ಸಂಜೆಯಿಂದ ಮಾತು ಬಿಟ್ಟವಳು, ಮೊದಲ ಮಾತು ನಾನೇ ಯಾಕೆ ಆಡಲಿ?

ಅವರು ಗಾಳಿಯ ಸಿಲಿಂಡರ್ ಬೆನ್ನಿಗೆ ಹಾಕಿಕೊಂಡರು. ಸೊಂಟಕ್ಕೆ ಹಗ್ಗ ಕಟ್ಟಿದರು, ಅದರ ಇನ್ನೊಂದು ತುದಿ ದೋಣಿಯವನ ಕೈಗೆ. ದೋಣಿಯವನು ನಮ್ಮನ್ನು ದಿನವೂ ತೆಪ್ಪಕ್ಕೆ ಮುಟ್ಟಿಸುತ್ತಿದ್ದ ಆ ಊರಿನ ಆಳು. ಹಗ್ಗ ಅಲ್ಲಾಡಿಸಿ ಸನ್ನೆ ಮಾಡುವುದು ಪದ್ಧತಿ. ಆದರೆ ಕೊಂಬೆಗಳ ನಡುವೆ ತಿರುಗಾಡಿದರೆ ಹಗ್ಗ ಅಲ್ಲಲ್ಲಿ ತೊಡರುತ್ತದೆ, ಕೆಳಗಿನ ಅಲ್ಲಾಟ ಮೇಲೆ ತಿಳಿಯುವುದಿಲ್ಲ. ಹಾಗಾಗಿ ಮರಕ್ಕೆ ಬಡಿದು ಹೇಳುತ್ತೇನೆ, ಸೆನ್ಸರ್ ಪಕ್ಕದಲ್ಲೇ ಇದೆಯಲ್ಲ, ಕೇಳಿಸುತ್ತದೆ ಎಂದರು ಅವರು. ಮುಖ್ಯಸ್ಥರ ಕಡೆಗೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಒಂದು ಬಡಿತ ಅಂದ್ರೆ ಎಲ್ಲಾ ಸರಿ ಇದೆ ಅಂತ. ಎರಡು ಅಂದ್ರೆ ಹಗ್ಗ ಸಡಿಲ ಬಿಡಿ. ಮೂರು ಅಂದ್ರೆ ಎಳೀರಿ. ಹೆಡ್‌ಫೋನ್ ಹಾಕ್ಕೊಂಡು ಕೂರೋರಿಗೂ ಕೇಳಿಸ್ತು ಅಂದ್ಕೊಳ್ತೀನಿ."

ನಾನು ದೋಣಿಯವನಿಗೆ ಹೇಳಿದೆ: "ನಂಗೇನು ಕಿವುಡಿಲ್ಲ ಅಂತ ಹೇಳಪ್ಪಾ ಅವ್ರಿಗೆ."

ದೋಣಿಯವನು ನನ್ನನ್ನೂ ನೋಡಿದ, ಅವರನ್ನೂ ನೋಡಿದ. "ಎಂತ ಮಾರಾಯ್ರೆ ಇದು! ಇಬ್ರೂ ಎದುರಾಬದುರೇ ಇದೀರಲ್ಲ!"

"ಡಬ್ಬಿ ಆನ್ ಇರ್ಲಿ," ಎಂದರು ಅವರು ಯಾರಿಗೂ ಅಲ್ಲವೆಂಬಂತೆ. "ನಾನು ಮೇಲೆ ಬರೋವರೆಗೆ ಅದನ್ನ ಯಾರೂ ಮುಟ್ಬಾರ್ದು." ಮುಖಕ್ಕೆ ಗಾಜು ಎಳೆದುಕೊಂಡು, ತೆಪ್ಪದ ಅಂಚಿನಿಂದ ಹಿಂದಕ್ಕೆ ಬಿದ್ದು ಮುಳುಗಿದರು.

ನಾನು ಹೆಡ್‌ಫೋನ್ ಹಾಕಿಕೊಂಡೆ. ಇನ್ನೊಂದನ್ನು ಮುಖ್ಯಸ್ಥರು ಹಾಕಿಕೊಂಡರು.

ಮೊದಲು ಕೇಳಿದ್ದು ಅವರ ಉಸಿರು. ಒಳಗೆಳೆದಾಗ ಸಣ್ಣ ಸೀಟಿ, ಬಿಟ್ಟಾಗ ಗುಳುಗುಳು ಗುಳ್ಳೆ. ಸೆನ್ಸರಿನ ಹತ್ತಿರ ಬಂದ ಹಾಗೆ ಅದು ಎಷ್ಟು ಜೋರಾಯಿತೆಂದರೆ, ನನ್ನ ತಲೆಯೊಳಗೇ ಕೂತು ಉಸಿರಾಡುತ್ತಿದ್ದಾರೆ ಅನ್ನಿಸಿತು. ಗುಳ್ಳೆಗಳೆಲ್ಲ ನಮ್ಮ ತೆಪ್ಪದ ಅಡಿಗೇ ಬಂದು ಒಡೆಯುತ್ತಿದ್ದವು, ಗಾಳಿಗೆ ಅಲೆ ಬಂದು ಡ್ರಮ್ಮಿಗೆ ಬಡಿಯುತ್ತಿತ್ತು. ಮೇಲಿನಿಂದ ಏನೂ ಕಾಣುವಂತಿರಲಿಲ್ಲ. ಅವರು ಬದುಕಿದ್ದಾರೆ ಎನ್ನುವುದಕ್ಕೆ ನನ್ನ ಕಿವಿಯಲ್ಲಿನ ಆ ಸದ್ದು ಬಿಟ್ಟರೆ ಬೇರೆ ಗುರುತೇ ಇರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡೆ.

ಟೊಕ್. ಒಂದು ಬಡಿತ. ಎಲ್ಲ ಸರಿ ಇದೆ.

"ಕೇಳಿಸ್ತಮ್ಮಾ?" ಎಂದರು ಮುಖ್ಯಸ್ಥರು. "ಹೂಂ" ಎಂದೆ.

ಆಮೇಲೆ ಕೇಬಲ್ಲಿಗೆ ಏನೋ ಉಜ್ಜುವ ಸದ್ದು. ಚಾಕುವಿನಿಂದ ಸಣ್ಣ ರೆಂಬೆಗಳನ್ನು ಕಡಿಯುತ್ತಿದ್ದರು. ಬಿಸಿಲು ನೆತ್ತಿಗೆ ಬರುತ್ತಿತ್ತು. ತಗಡಿನ ನೆರಳಿನಡಿ ಸೆಕೆ ತಡೆಯಲಾರದಷ್ಟಾಗಿತ್ತು. ಡಬ್ಬಿ ಆಗೊಮ್ಮೆ ಈಗೊಮ್ಮೆ ಟಕ್ ಅನ್ನತೊಡಗಿತು. ಪ್ರತಿ ಸಲವೂ ಮುಖ್ಯಸ್ಥರು ಬೆಚ್ಚಿ ನನ್ನ ಮುಖ ನೋಡುವರು. "ಡಬ್ಬಿ, ಡಬ್ಬಿ" ಎನ್ನುವೆ ನಾನು.

ಚಾಕುವಿನ ಸದ್ದು ನಿಂತಿತು. ಉಸಿರು ಇತ್ತು. ಆಮೇಲೆ ಟಕ್, ಟಕ್, ಟಕ್.

ಒಂದರ ಹಿಂದೆ ಒಂದು, ಸರಿಯಾಗಿ ಮೂರು.

"ಮೂರು!" ಎಂದು ಮುಖ್ಯಸ್ಥರು ಕುಳಿತಲ್ಲಿಂದ ಎದ್ದೇಬಿಟ್ಟರು. "ಎಳಿಯಪ್ಪಾ, ಎಳಿ!"

ದೋಣಿಯವನು ಎಳೆದ. ಹಗ್ಗ ಬಿಗಿದು ನಿಂತಿತು. ಇನ್ನೂ ಬಲ ಹಾಕಿದ. ತೆಪ್ಪ ಆ ಕಡೆಗೆ ವಾಲಿತು. ನನ್ನ ಕಿವಿಯಲ್ಲಿ ದಡ್ ಎಂದು ಲೋಹ ಮರಕ್ಕೆ ತಾಗಿದ ಸದ್ದು. ಗುಳ್ಳೆಗಳು ಒಮ್ಮೆಲೇ ಗಳಗಳಗಳ ಎಂದು ಹುಚ್ಚು ಹಿಡಿದ ಹಾಗೆ ಬಂದವು. ಮೇಲೆ ಬರುತ್ತಿರುವ ಮನುಷ್ಯನ ಉಸಿರಲ್ಲ ಅದು. ಅದರ ಮೇಲೆ ಮತ್ತೆ ಟಕ್, ಟಕ್, ಟಕ್.

"ನೋಡು, ಮತ್ತೆ ಮೂರು! ಎಳೀ ಅಂತಿದಾರೆ!"

ಅಷ್ಟರಲ್ಲಿ ನನಗೆ ಹೊಳೆಯಿತು. ಆ ಟಕ್ ಅಂದ ಕ್ಷಣದಲ್ಲೆಲ್ಲ ಉಸಿರಿನ ಸದ್ದೂ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಮೊದಲು ಅವರು ಮರಕ್ಕೆ ಬಡಿದಾಗ ಹಾಗಾಗಿರಲಿಲ್ಲ. ಬಡಿತವೂ ಇತ್ತು, ಅದರ ಹಿಂದೆ ಗುಳ್ಳೆಯೂ ಇತ್ತು. ಮನುಷ್ಯ ಬಡಿದರೆ ಅವನ ಉಸಿರು ಯಾಕೆ ಕತ್ತರಿಸಬೇಕು? ಅದು ಕೆಳಗಿನಿಂದ ಬಂದ ಸದ್ದೇ ಅಲ್ಲ. ಡಬ್ಬಿ ಸೆಕೆಗೆ ಕೈಬಿಟ್ಟು ಕೈಬಿಟ್ಟು ಹಿಡಿಯುತ್ತಿತ್ತು. ಅದು ಲೆಕ್ಕವಿಲ್ಲದೆ ಬಡಿದುಕೊಂಡರೆ ನಾವು ಕೂತು ಎಣಿಸುತ್ತಿದ್ದೆವು.

"ಬಿಡೋ ಹಗ್ಗ!" ಎಂದು ಕಿರುಚಿದೆ. "ಎಳೀಬೇಡ, ಬಿಡು!"

"ಮೂರು ಕೇಳಿಸ್ತಲ್ಲಮ್ಮಾ!"

"ಅದು ಅವ್ರಲ್ಲ ಸಾರ್, ಡಬ್ಬಿ!"

"ಎರಡೆರಡು ಸಲ ಮೂರು ಮೂರು ಬಂತಲ್ಲ! ಅವ್ರೇ ಆಗಿದ್ರೆ?"

ಅವರೇ ಆಗಿದ್ದರೆ, ಗಾಳಿ ಮುಗಿದು ಎಳೆಯಿರಿ ಎಂದು ಬಡಿಯುತ್ತಿದ್ದರೆ, ಬಿಡಿ ಎನ್ನುವ ನಾನೇ ಅವರನ್ನು ಕೊಂದ ಹಾಗೆ. ದೋಣಿಯವನು ಹಗ್ಗವನ್ನು ಬಿಗಿಹಿಡಿದೇ ನಿಂತು, "ಅಮ್ಮಾ, ಎಂತ ಮಾಡ್ಲಿ? ಬೇಗ ಹೇಳಿ" ಎಂದ.

ನಾನು ಡಬ್ಬಿಯ ವಯರನ್ನು ಕಿತ್ತೇ ಬಿಟ್ಟೆ.

ಎಲ್ಲ ಸದ್ದೂ ಹೋಯಿತು. ಟಕ್ಕೂ ಇಲ್ಲ, ಉಸಿರೂ ಇಲ್ಲ. ಪೂರ್ತಿ ಮೌನ.

"ಏನ್ ಮಾಡ್ದೆ ನೀನು!" ಎಂದರು ಮುಖ್ಯಸ್ಥರು. ಆವರೆಗೆ ಅವರು ನನಗೆ ಹಾಗೆ ದನಿಯೇರಿಸಿ ಮಾತನಾಡಿದ್ದಿಲ್ಲ. "ಇದ್ದ ಕಿವಿನೂ ಹೋಯ್ತಲ್ಲ!"

ಮಂಕು ಹಿಡಿದಿದೆಯೋ, ಕೆಳಗೆ ಉಸಿರೇ ನಿಂತಿದೆಯೋ? ತಿಳಿಯಲು ಇದ್ದದ್ದು ಒಂದೇ ದಾರಿ. ಪಕ್ಕದಲ್ಲಿದ್ದ ಸ್ಪ್ಯಾನರ್ ತೆಗೆದು ತೆಪ್ಪದ ಡ್ರಮ್ಮಿಗೆ ಹೊಡೆದೆ. ಬರಿಗಿವಿಗೆ ಢಣ್ ಎಂದು ಕೇಳುವಂತೆ ಹೊಡೆದರೂ ಹೆಡ್‌ಫೋನಿನಲ್ಲಿ ಏನೂ ಇಲ್ಲ. ಹಾಗಾದರೆ ಕಿವುಡಾಗಿರುವುದು ಸೆನ್ಸರ್. ಅಷ್ಟು ಸಮಾಧಾನ. "ಹೊಡೀತಾ ಇರಿ ಸಾರ್, ನಿಲ್ಲಿಸ್ಬೇಡಿ" ಎಂದು ಸ್ಪ್ಯಾನರನ್ನು ಮುಖ್ಯಸ್ಥರ ಕೈಗೆ ತುರುಕಿ, ಫ್ಲಾಸ್ಕಿನ ಮುಚ್ಚಳ ತೆಗೆದು ಬೆರಳು ಇಳಿಸಿದೆ.

ಕೈ ಬೆವೆತಿತ್ತು. ಮುಟ್ಟಿದ ಕೂಡಲೇ ಢಣ್ ಎಂಬುದು ಎಲ್ಲಿಂದಲೋ ಬಂದು, ಏರಿ, ಮತ್ತೆ ಮುಳುಗಿಹೋಯಿತು. ಜಾಸ್ತಿ ಮುಟ್ಟಿದ್ದೆ. ಬೆರಳು ತೆಗೆದೆ. ಕಾದೆ. ದೇವರೇ, ಒಂದು ಸಲ, ಒಂದೇ ಸಲ ಎಂದುಕೊಂಡೆ. ದೇವರನ್ನು ಕರೆಯುವ ಪೈಕಿ ಅಲ್ಲ ನಾನು, ಆದರೆ ಆಗ ಕರೆದೆ. ಉಗುರಿನ ತುದಿ ಮಾತ್ರ ತಾಗುವ ಹಾಗೆ ಮತ್ತೆ ಇಟ್ಟೆ. ಢಣ್ ಸಣ್ಣಗೆ ಬಂತು, ದೊಡ್ಡದಾಯಿತು, ನಿಂತಿತು. ಬೆರಳು ಅಲ್ಲೇ ಹಿಡಿದೆ.

"ಸಾಕು ಸಾರ್, ಸುಮ್ನಿರಿ!"

ಮುಖ್ಯಸ್ಥರು ಸ್ಪ್ಯಾನರನ್ನು ಎತ್ತಿದ ಕೈಯಲ್ಲೇ ನಿಲ್ಲಿಸಿದರು.

ಗುಳ್ಳೆ ಬಂತು. ಸಣ್ಣ, ಅವಸರದ ಗುಳ್ಳೆ. ಅದರ ಜೊತೆಗೇ ಟೊಕ್, ಟೊಕ್. ಬಹಳ ಮೆಲ್ಲಗೆ. ಎರಡು. ಆಮೇಲೆ ಬಿಡುವು. ಮತ್ತೆ ಟೊಕ್, ಟೊಕ್. ಬಡಿತದ ಹಿಂದೆ ಗುಳ್ಳೆ ನಿಂತಿರಲಿಲ್ಲ.

"ಎರಡು! ಸಡಿಲ ಬಿಡು, ಪೂರ್ತಿ ಬಿಡು!"

ದೋಣಿಯವನು ಹಗ್ಗವನ್ನು ಬಿಟ್ಟುಕೊಟ್ಟ. ಅದು ಹಲಗೆಯ ಮೇಲಿಂದ ಸರ್ರನೆ ಜಾರಿತು. ಕಿವಿಯಲ್ಲಿ ಲೋಹ ಮರಕ್ಕೆ ಉಜ್ಜಿದ ಸದ್ದು, ಒಂದು ದೀರ್ಘ ಗುಳುಗುಳು, ಮತ್ತೆ ಸೀಟಿಯಂಥ ಉಸಿರು ಒಳಗೆಳೆದದ್ದು. ಆ ಉಸಿರಿನ ಸದ್ದು ಕೇಳಿ ನಾನೂ ಉಸಿರು ಬಿಟ್ಟೆ. ನಡುವೆ ಎರಡು ಮೂರು ಸಲ ಮಂಕು ಬಂತು, ಬೆರಳು ಎತ್ತಿ ಇಟ್ಟು ಎತ್ತಿ ಇಟ್ಟು ಹಿಡಿದುಕೊಂಡೆ. ಅದಾದ ಮೇಲೆ ಟೊಕ್. ಒಂದು. ಎಲ್ಲ ಸರಿ.

ಮುಖ್ಯಸ್ಥರು ಹಲಗೆಯ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡರು.

ಬಹಳ ಹೊತ್ತು ಚಾಕುವಿನ ಸದ್ದೇ ಕೇಳಿತು. ಕೊನೆಗೆ ಮೂರು ಬಡಿತ ಬಂದಾಗ ದೋಣಿಯವನು ಹಗ್ಗ ಹಿಡಿದು ನನ್ನ ಮುಖ ನೋಡಿದ. ಮುಖ್ಯಸ್ಥರೂ ನನ್ನ ಮುಖ ನೋಡಿದರು. ಬಡಿತದ ಹಿಂದೆ ಉಸಿರು ಇತ್ತೋ ಇಲ್ಲವೋ ಎಂದು ತಿಳಿಯಲು, ಅದು ಮತ್ತೊಮ್ಮೆ ಬರಲೆಂದು ಕಾದೆ. ಬಂತು. ಇತ್ತು.

"ಎಳಿ. ಮೆಲ್ಲಗೆ."

ಅವರು ಮೇಲೆ ಬಂದರು. ಭುಜದ ಮೇಲೆ ಉದ್ದಕ್ಕೆ ತರಚು ಗಾಯ, ಬಗಲಲ್ಲಿ ಸೆನ್ಸರ್. ಹಲಗೆ ಹಿಡಿದು, ಬಾಯಿಯ ಕೊಳವೆ ಉಗಿದು, ಮೊದಲು ಕೇಳಿದ್ದು:

"ಯಾವ ಕತ್ತೆ ಹಗ್ಗ ಎಳೆದದ್ದು?"

ನಾನು ಡಬ್ಬಿ ತೋರಿಸಿದೆ. "ನಿಮ್ಮ ಡಬ್ಬಿ" ಎಂದೆ. ಮಾತು ಬಿಟ್ಟ ಮೇಲೆ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅವರು ಜೋಲುತ್ತಿದ್ದ ವಯರನ್ನು ನೋಡಿದರು. ಮುಖ್ಯಸ್ಥರು ತಡವರಿಸುತ್ತ ನಡೆದದ್ದನ್ನು ಹೇಳಿದರು. ಕೆಳಗೆ ಆದದ್ದನ್ನು ನನ್ನ ಗಂಡನೂ ಹೇಳಿದರು. ಕೇಬಲ್ ಬಿಡಿಸಲು ಎರಡು ಕೊಂಬೆಗಳ ಕವಲಿನೊಳಗೆ ತೂರಿಕೊಂಡಿದ್ದರಂತೆ. ಹಗ್ಗ ಎಳೆದಾಗ ಬೆನ್ನಿನ ಸಿಲಿಂಡರ್ ಕವಲಿಗೆ ಸಿಕ್ಕಿ, ಮುಖದ ಗಾಜಿಗೆ ನೀರು ತುಂಬಿ, ಬಾಯಿಯ ಕೊಳವೆ ಅರ್ಧ ಕಳಚಿ ಬಂದಿತ್ತಂತೆ. ಇನ್ನೊಂದು ಸಲ ಜೋರಾಗಿ ಎಳೆದಿದ್ದರೆ ಪೂರ್ತಿ ಕಳಚುತ್ತಿತ್ತು. ದೋಣಿಯವನು ಅವರ ಬೆನ್ನಿಗೆ ಟವೆಲ್ ಹೊದಿಸಿದ.

ಮಾರನೆಯ ದಿನ ಅಧಿಕಾರಿಗಳು ಜೀಪಿನಲ್ಲಿ ಬಂದರು. ದೂರದ ದೋಣಿಯಿಂದ ನೀರಿಗೆ ಸದ್ದು ಬಿಟ್ಟೆವು, ಸೆನ್ಸರ್ ಅದನ್ನು ಚೊಕ್ಕವಾಗಿ ಹಿಡಿಯಿತು. ನಾನು ಫ್ಲಾಸ್ಕಿನಲ್ಲಿ ಬೆರಳಿಟ್ಟು ಕೂತಿದ್ದೆ. ಅವರಲ್ಲೊಬ್ಬರು ಇದೇನಿದು ಎಂದು ಕೇಳಿದರು. ಮುಖ್ಯಸ್ಥರು ನಗುತ್ತ, ಇದು ತಾತ್ಕಾಲಿಕ, ತಾನಾಗಿ ಸರಿಪಡಿಸಿಕೊಳ್ಳುವ ಡಬ್ಬಿಯೂ ಸಿದ್ಧವಿದೆ ಎಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಮುಂದೆ ಬಂದು, "ಇಲ್ಲ, ಸಿದ್ಧವಿಲ್ಲ" ಎಂದರು. ಯಾವಾಗ ಸಿದ್ಧವಾಗುತ್ತದೆ? "ಗೊತ್ತಿಲ್ಲ" ಎಂದರು. ಮುಖ್ಯಸ್ಥರ ಮುಖ ಬಿಳಚಿತು. ಸೆನ್ಸರಿಗೆ ಒಪ್ಪಿಗೆ ಸಿಕ್ಕಿತು. ಡಬ್ಬಿಯ ಕೆಲಸವನ್ನು ಬೇರೆ ಗುಂಪಿಗೆ ಕೊಡುವುದೆಂದು ಅಲ್ಲೇ, ಆ ತೆಪ್ಪದ ಮೇಲೇ ತೀರ್ಮಾನವಾಯಿತು.

ಎಲ್ಲ ಮುಗಿದ ಮೇಲೆ ತೀರ್ಥಹಳ್ಳಿಯಲ್ಲಿ ಅಮ್ಮನನ್ನು ನೋಡಿಕೊಂಡು ಬರೋಣವೆಂದು ನಾವಿಬ್ಬರೂ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆವು. ನನಗೆ ತಡೆಯಲಾಗಲಿಲ್ಲ, ಬೈದೆ. ವರ್ಷಗಟ್ಟಲೆ ನಿದ್ದೆಗೆಟ್ಟು ಮಾಡಿದ್ದನ್ನು ಹಾಗೆ ಯಾರದೋ ಮಡಿಲಿಗೆ ಹಾಕಿ ಬರುವುದೇ? ಮಿತಿ ಮುಟ್ಟಿದಾಗ ಸದ್ದು ಮಾಡದ ಹಾಗೆ ಅದನ್ನು ತಿದ್ದಬಹುದಿತ್ತಲ್ಲ? "ಅಷ್ಟು ದೊಡ್ಡವರ ಎದುರಿಗೆ ಸತ್ಯಹರಿಶ್ಚಂದ್ರ ಆಗ್ಬೇಕಿತ್ತಾ ನೀವು?" ಎಂದೆ.

ಅವರು ಕಡಲೆ ಪೊಟ್ಟಣ ಬಿಡಿಸುತ್ತ ಕೂತಿದ್ದರು. ನನ್ನ ಕಡೆಗೆ ನೋಡಲಿಲ್ಲ.

"ಮೊನ್ನೆ ಹಗ್ಗ ಎಳೆದಾಗ ನಂಗೆ ಡಬ್ಬಿ ನೆನಪೇ ಬರ್ಲಿಲ್ಲ ಕಣೆ," ಎಂದರು. "ಎರಡು ಬಡಿದೆ. ಬಿಡ್ಲಿಲ್ಲ. ಮತ್ತೆ ಎರಡು ಬಡಿದೆ. ಇನ್ನೂ ಎಳೀತಿದ್ರು. ಆಗ ಅಂದ್ಕೊಂಡೆ, ಇವಳು ಸಿಟ್ಟಿಗೆ ಹೆಡ್‌ಫೋನ್ ತೆಗೆದಿಟ್ಟು ಕೂತಿದಾಳೆ ಅಂತ."

ಕಡಲೆಗೆಂದು ಚಾಚಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.

"ಬೈದೆ ನಿನ್ನ," ಎಂದರು. "ಬಾಯಲ್ಲಿ ಕೊಳವೆ ಇಟ್ಕೊಂಡೇ ಬೈದೆ. ಬಾಯಿಗೆ ಬಂದಿದ್ದೆಲ್ಲ. ತಪ್ಪು ಮಾಡಿದ ಡಬ್ಬಿನ ಸಿದ್ಧ ಅಂತ ಹೆಂಗೆ ಹೇಳ್ಲಿ?"

ತೆಪ್ಪದ ಮೇಲೆ ಅಳದವಳು ನಾನು. ಅವರು ಮೇಲೆ ಬಂದಾಗಲೂ ಅಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಹತ್ತು ಜನರ ಎದುರಿಗೆ, ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದ ಬೆಂಚಿನ ಹೆಂಗಸು, "ಯಾರಾದ್ರೂ ತೀರ್ಕೊಂಡ್ರಾ?" ಎಂದು ಅವರನ್ನು ಕೇಳಿದಳು. ಅವರಿಗೆ ಗಾಬರಿಯಾಯಿತು. "ಅಳ್ಬೇಡ ಮಾರಾಯ್ತಿ, ಎಲ್ಲಾ ನೋಡ್ತಿದಾರೆ. ಬಂದ್ನಲ್ಲ ನಾನು, ಬಂದ್ನಲ್ಲ" ಎಂದು ಕಡಲೆಯ ಕೈಯಲ್ಲೇ ನನ್ನ ಬೆನ್ನು ಸವರಿದರು.

ಬಂದರು, ಸರಿ. ಬರದೇ ಹೋಗಿದ್ದರೆ? ಅವರ ಒಂದೊಂದು ಉಸಿರನ್ನೂ ನಾನು ಎಣಿಸುತ್ತ ಕೂತಿದ್ದೆ. ಕೆಳಗೆ ಆ ಕವಲಿನಲ್ಲಿ ಸಿಕ್ಕಿಕೊಂಡ ಅವರ ಪಾಲಿಗೆ ಮಾತ್ರ ನಾನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.